ನದಿ ದಾಟಿದ ಗವರ್ನರ್

ಸೇತುವೆಯ ಮೇಲೆ ತನ್ನ ಗವರ್ನರ್‌ಗಿರಿ ಸರಿಯಾಗಿ ಎಲ್ಲಿ ಕಳಚಿ ಬೀಳುತ್ತದೆ ಎಂಬುದನ್ನು ಈ ಸಲವಾದರೂ ನೋಡಿಬಿಡಬೇಕೆಂದು ವೆಂಡೆಲ್ ಓಸ್ಟ್‌ಬಿ ಕಾರಿನ ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಗಡಿ ಇರುವುದು ನದಿಯ ನಟ್ಟನಡುವೆ ಎಂದು ನಕ್ಷೆ ಹೇಳುತ್ತದೆ. ಆದರೆ ಈ ನದಿ ಎಂದಾದರೂ ಒಂದು ಕಡೆ ತೆಪ್ಪಗೆ ಇದ್ದದ್ದುಂಟೇ? ಬೇಸಿಗೆಯಲ್ಲಿ ಈ ದಡಕ್ಕೆ ಒತ್ತಿಕೊಂಡು ಹರಿಯುತ್ತದೆ, ಹಿಮ ಕರಗುವಾಗ ಆ ದಡದ ಜೋಳದ ಹೊಲಗಳಿಗೆ ನುಗ್ಗುತ್ತದೆ. ಹಾಗಾದರೆ ಗಡಿಯೂ ಅದರ ಹಿಂದೆಯೇ ಸರಿಯುತ್ತದೆಯೋ, ತನ್ನ ಅಧಿಕಾರವೂ ನೀರಿನ ಜೊತೆ ಆಚೀಚೆ ಹೊರಳಾಡುತ್ತದೆಯೋ? ಕಬ್ಬಿಣದ ಕಮಾನುಗಳು ಕಿಟಕಿಯ ಪಕ್ಕದಲ್ಲಿ ಒಂದೊಂದಾಗಿ ಹಿಂದೆ ಹೋದವು. ನೀರಿನ ಅಂಚಿಗೆ ಆಗಲೇ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಪಕ್ಕದ ರಾಜ್ಯದ ಸ್ವಾಗತದ ಫಲಕ ಬಂತು, ಹೋಯಿತು. ಏನೂ ಆಗಲಿಲ್ಲ. ಎಡ ಮೊಣಕಾಲು ಎಂದಿನಂತೆ ನೋಯುತ್ತಿತ್ತು. ಬಲಗೈಯನ್ನು ಮಡಿಲಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದ. ಒಂದು ನಿಮಿಷದ ಹಿಂದೆ ಈ ಕೈ ಸಹಿ ಹಾಕಿದ್ದರೆ ಜೈಲಿನ ಬಾಗಿಲು ತೆರೆಯುತ್ತಿತ್ತು. ಈಗ ಇದೇ ಕೈ ಅದೇ ಕಾಗದದ ಮೇಲೆ ಅದೇ ಸಹಿ ಹಾಕಿದರೆ ಮಕ್ಕಳು ಗೀಚಿದ ಹಾಗೆ. ಇದು ಅವನಿಗೆ ಎಷ್ಟು ಸೋಜಿಗವೆನಿಸಿತೆಂದರೆ ತಾನು ಯಾಕೆ ದಾಟಿ ಬಂದೆ ಎಂಬುದು ಸ್ವಲ್ಪ ಹೊತ್ತು ಮರೆತೇಹೋಯಿತು.

"ದಾಟಿದ್ವಾ ನೈಗಾರ್ಡ್?" ಎಂದು ಕೇಳಿದ.

"ಆಗ್ಲೇ ದಾಟಾಯ್ತಲ್ಲ ಸರ್. ಈಗ ನೀವೂ ನಮ್ ಥರಾನೇ, ಬರೀ ಮನುಷ್ಯ," ಎಂದ ಅಂಗರಕ್ಷಕ ನೈಗಾರ್ಡ್. ಪ್ರತಿ ಸಲವೂ ಅವನು ಇದನ್ನೇ ಹೇಳುತ್ತಿದ್ದ, ಪ್ರತಿ ಸಲವೂ ವೆಂಡೆಲ್ ನಗುತ್ತಿದ್ದ. ಇವತ್ತು ನಗು ಒಂದು ಗಳಿಗೆ ತಡವಾಗಿ ಬಂತು.

ಇವರ ರಾಜ್ಯದ ಸಂವಿಧಾನ ಬರೆದವರು ಕುದುರೆಗಾಡಿಯ ಕಾಲದವರು. ಗಡಿ ದಾಟಿದ ಗವರ್ನರ್ ಬದುಕಿದ್ದಾನೋ ಸತ್ತನೋ ಎಂದು ಆಗ ವಾರಗಟ್ಟಲೆ ಸುದ್ದಿ ಬರುತ್ತಿರಲಿಲ್ಲ. ಅದಕ್ಕೇ ಒಂದು ಸಾಲು ಬರೆದಿಟ್ಟರು: ಗವರ್ನರ್ ರಾಜ್ಯದಲ್ಲಿ ಇಲ್ಲದಿದ್ದಾಗ ಉಪ ಗವರ್ನರೇ ಗವರ್ನರ್, ಅವರೂ ಇಲ್ಲದಿದ್ದರೆ ಮೇಲ್ಮನೆಯ ಅಧ್ಯಕ್ಷ. ವಿಮಾನ ಬಂತು, ಫೋನು ಬಂತು, ಆ ಸಾಲನ್ನು ತೆಗೆದುಹಾಕುವ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ. ಹಾಗೆಂದು ದಂತವೈದ್ಯರಿಗೆ ಹಲ್ಲು ತೋರಿಸುವುದಕ್ಕೋ ಕಾಫಿ ಕುಡಿಯುವುದಕ್ಕೋ ನದಿ ದಾಟುವಾಗ ಹೋದೆನೆಂದು ದಾಖಲೆಯಲ್ಲಿ ಬರೆಸುವವರೂ ಇರಲಿಲ್ಲ. ವೆಂಡೆಲ್ ತಾನೇ ನೂರಾರು ಸಲ ದಾಟಿದ್ದಾನೆ. ಇವತ್ತು ಬೆಳಿಗ್ಗೆ ಮಾತ್ರ ಕಚೇರಿಯ ಕಾರ್ಯದರ್ಶಿ ಗ್ಲೆಂಡಾಳ ಮೇಜಿನ ಮುಂದೆ ಕೋಟು ತೊಟ್ಟು ನಿಂತು, "ನದಿಯಾಚೆ ಹೋಗ್ತಿದೀನಿ. ಹೋದೆ ಅಂತ ಬರೆದುಕೋ. ಮಾರ್ಲಿಸ್‌ಗೂ ಹೇಳ್ಬಿಡು, ಈಗ ಅವಳೇ ಗವರ್ನರ್ ಅಂತ," ಎಂದಿದ್ದ. ಗ್ಲೆಂಡಾ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. ಅವಳು ಮೂವರು ಗವರ್ನರ್‌ಗಳನ್ನು ಕಂಡವಳು. "ಸಂಜೆ ಐದರೊಳಗೆ ಬರ್ತೀರಾ ಸರ್?" ಎಂದಷ್ಟೇ ಕೇಳಿದಳು. "ನೋಡೋಣ," ಎಂದ. ಮುಖಕ್ಕೆ ರಕ್ತ ಏರಿದ್ದು ಅವನಿಗೇ ಗೊತ್ತಾಯಿತು.

ಐದು ಗಂಟೆಗೆ ಲೊರೆಟಾ ಪೆಶೆಕ್‌ಳ ವಿಷಯದ ಗಡುವು ಮುಗಿಯುತ್ತಿತ್ತು. ಇಪ್ಪತ್ತರ ಹುಡುಗಿಯಾಗಿದ್ದಾಗ ಲೊರೆಟಾ ಪೆಟ್ರೋಲ್ ಬಂಕೊಂದರ ಹೊರಗೆ ಕಾರು ಚಾಲೂ ಇಟ್ಟುಕೊಂಡು ಕೂತಿದ್ದಳು. ಒಳಗೆ ಹೋದ ಅವಳ ಗೆಳೆಯ ಬಂಕಿನವನನ್ನು ಗುಂಡಿಟ್ಟು ಕೊಂದ. ಇಬ್ಬರ ಪಾಪವೂ ಒಂದೇ ತೂಕ ಎಂದಿತು ಕಾನೂನು. ಇಬ್ಬರಿಗೂ ಸಾಯುವವರೆಗೆ ಜೈಲು. ಗೆಳೆಯ ಜೈಲಿನಲ್ಲೇ ಎಂದೋ ಸತ್ತ. ಲೊರೆಟಾ ಈಗ ಮುದುಕಿ, ಶ್ವಾಸಕೋಶ ಕೆಟ್ಟಿದೆ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡೇ ಓಡಾಡುತ್ತಾಳೆ. ಬಿಟ್ಟುಬಿಡಿ ಎಂದು ಕ್ಷಮಾ ಮಂಡಳಿ ಒಮ್ಮತದಿಂದ ಬರೆದಿತ್ತು. ಗವರ್ನರ್ ಸಹಿ ಹಾಕಬೇಕು, ಇಲ್ಲವೇ ಹಾಕುವುದಿಲ್ಲ ಎನ್ನಬೇಕು. ಎರಡೂ ಮಾಡದಿದ್ದರೆ ಶಿಫಾರಸು ತಾನಾಗಿ ಬಿದ್ದುಹೋಗುತ್ತದೆ. ಮತ್ತೆ ಮಂಡಳಿಯ ಮುಂದೆ ಅವಳ ಸರದಿ ಬರುವಷ್ಟರಲ್ಲಿ ಲೊರೆಟಾ ಉಳಿದಿರುವುದಿಲ್ಲ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕಡತ ತಿಂಗಳಿನಿಂದ ಅವನ ಮೇಜಿನ ಮೇಲೆ ಬಿದ್ದಿತ್ತು. ಅದರ ಮೇಲೆ ಕಾಫಿ ಲೋಟ ಇಡಬಾರದೆಂಬ ಎಚ್ಚರ ಬಿಟ್ಟರೆ ಬೇರೇನನ್ನೂ ಅವನು ಅದಕ್ಕಾಗಿ ಮಾಡಿರಲಿಲ್ಲ.

ದಡಕ್ಕೆ ಹತ್ತಿರದ ಕೆಫೆಯಲ್ಲಿ ಕಿಟಕಿಯ ಪಕ್ಕ ಕೂತ. ನೈಗಾರ್ಡ್ ಬಾಗಿಲ ಬಳಿಯ ಎತ್ತರದ ಸ್ಟೂಲಿನ ಮೇಲೆ ಕೂತು ಮೊಟ್ಟೆ ತರಿಸಿಕೊಂಡ. ಬಡಿಸುವ ಹೆಂಗಸು ಕಾಫಿ ಸುರಿಯುತ್ತಾ ವೆಂಡೆಲ್‌ನ ಮುಖವನ್ನೇ ದಿಟ್ಟಿಸಿದಳು. ಇದು ಅವನಿಗೆ ಅಭ್ಯಾಸವಾದ ನೋಟ. ಗುರುತು ಹತ್ತುವ ಮುಂಚಿನ ನೋಟ. ತುಟಿ ತಾನಾಗಿಯೇ ನಗುವಿಗೆ ಅಣಿಯಾಯಿತು. "ನಿಮ್ಮನ್ನ ಎಲ್ಲೋ ನೋಡಿದೀನಲ್ಲಪ್ಪಾ," ಎಂದಳು. "ತಡೀರಿ, ತಡೀರಿ, ಹೇಳ್ಬೇಡಿ. ಟ್ರ್ಯಾಕ್ಟರ್ ಟಯರ್ ಜಾಹೀರಾತಲ್ಲಿ ಬರ್ತೀರಲ್ವಾ? ಹೊಲದಲ್ಲಿ ನಿಂತ್ಕೊಂಡು ಹೆಬ್ಬೆರಳು ತೋರಿಸ್ತೀರಾ?" ನೈಗಾರ್ಡ್ ತಟ್ಟೆಯೊಳಗೆ ತಲೆ ಹುದುಗಿಸಿದ. "ಹೌದು," ಎಂದ ವೆಂಡೆಲ್. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ. ಒಂದು ಬಗೆಯಲ್ಲಿ ನಿಜವೂ ಆಗಿತ್ತು. ಅಪ್ಪ ಟ್ರ್ಯಾಕ್ಟರ್ ಮಾರುತ್ತಿದ್ದ. "ಗೊತ್ತಾಯ್ತು ನೋಡಿ, ನನ್ ಕಣ್ಣು ಮೋಸ ಹೋಗಲ್ಲ. ಪೈ ಏನು ಕೊಡ್ಲಿ? ಒಣದ್ರಾಕ್ಷೀದು ಈಗ ತಾನೇ ಓವನ್ನಿಂದ ಬಂತು. ನಮ್ಮ ಯಜಮಾನ್ರು ನಿಮ್ಮ ಟಯರ್ ನೋಡಿ ಎರಡು ಜೊತೆ ತಗೊಂಡ್ರು, ಎರಡೂ ಸೀಳ್ಹೋಯ್ತು." ಅವನು ಕ್ಷಮೆ ಕೇಳಿದ. ನಿಜವಾಗಿಯೂ ಬೇಸರಪಟ್ಟುಕೊಂಡು ಕೇಳಿದ. ಸೀಳಿಹೋದ ಟಯರಿಗಾಗಿ ತನ್ನ ಬಾಯಿಂದ ಇಷ್ಟು ಸಲೀಸಾಗಿ ಬಂದ ಮಾತು ಕಳೆದ ಹದಿನೈದು ವರ್ಷದ ರಾಜಕೀಯದಲ್ಲಿ ಒಮ್ಮೆಯೂ ಬಂದಿರಲಿಲ್ಲವಲ್ಲ ಎಂದು ಪೈ ಬರುವವರೆಗೆ ಯೋಚಿಸುತ್ತಾ ಕೂತ.

ಅವನ ರಾಜಕೀಯದಲ್ಲಿ ಬಳಕೆಯಾಗುತ್ತಿದ್ದದ್ದು ಇನ್ನೊಂದು ಮಾತು. "ನಿಮ್ಮ ಮಾತು ನನ್ನ ಮನಸ್ಸಲ್ಲಿದೆ." ಶಾಲಾ ಮಂಡಳಿಯ ಚುನಾವಣೆಗೆ ನಿಂತಾಗ, ಯಾರದೋ ಅಡುಗೆಮನೆಯಲ್ಲಿ ಬಿಸಿ ತಿಂಡಿಯ ತಟ್ಟೆ ಹಿಡಿದು ನಿಂತಿದ್ದಾಗ, ಅದು ಹೇಗೋ ನಾಲಿಗೆಗೆ ಬಂದಿತ್ತು. ಕೇಳಿದ ಹೆಂಗಸಿನ ಕಣ್ಣಲ್ಲಿ ನೀರಾಡಿತು. ಅಲ್ಲಿಂದ ಕೆಳಮನೆ, ಕೆಳಮನೆಯಿಂದ ಉಪ ಗವರ್ನರ್, ಊರೂರಿನ ಮೆರವಣಿಗೆಗಳಲ್ಲಿ ತೆರೆದ ಕಾರಿನಿಂದ ಮಕ್ಕಳಿಗೆ ಮಿಠಾಯಿ ಎಸೆಯುತ್ತಾ, ಚರ್ಚಿನ ನೆಲಮಾಳಿಗೆಗಳಲ್ಲಿ ಪ್ಯಾನ್‌ಕೇಕ್ ಮಗುಚುತ್ತಾ ಅದೇ ಮಾತನ್ನು ಹಂಚಿಕೊಂಡು ಬಂದ. ಬಂಕಿನವನ ಮಗ ಡುವೇನ್ ಕ್ರಾಲ್ ವರ್ಷಕ್ಕೊಮ್ಮೆ ಅಪ್ಪ ಸತ್ತ ದಿನ ಫೋಟೋ ಹಿಡಿದುಕೊಂಡು ಕಚೇರಿಗೆ ಬರುತ್ತಿದ್ದ. ಕೈ ಕುಲುಕಿದರೆ ಬಿಡುತ್ತಿರಲಿಲ್ಲ. "ಅವಳನ್ನ ಬಿಡಲ್ಲ ಅಂತ ಹೇಳಿ ಗವರ್ನರೇ, ನನ್ ಕಣ್ಣಲ್ಲಿ ಕಣ್ಣಿಟ್ಟು ಹೇಳಿ," ಎನ್ನುತ್ತಿದ್ದ. ಹಾರ್ಡ್‌ವೇರ್ ಅಂಗಡಿಯವನ ಕೈ. ಅದರ ಒರಟುತನ ಊಟದ ಹೊತ್ತಿಗೂ ಅಂಗೈಯಲ್ಲಿ ಉಳಿದಿರುತ್ತಿತ್ತು. ನಿಮ್ಮ ಮಾತು ನನ್ನ ಮನಸ್ಸಲ್ಲಿದೆ. ಲೊರೆಟಾಳ ತಮ್ಮ ಹೈನುಗಾರ. ಒಮ್ಮೆ ಸಂತೆಮಾಳದ ಹಸುಗಳ ಕೊಟ್ಟಿಗೆಯಲ್ಲಿ ಅಡ್ಡಗಟ್ಟಿ, ಟೋಪಿ ತೆಗೆದು, ಏನೂ ಕೇಳದೆ ಸುಮ್ಮನೆ ನಿಂತಿದ್ದ. ಅವನಿಗೂ ಅದೇ. ನಿಮ್ಮ ಮಾತು ನನ್ನ ಮನಸ್ಸಲ್ಲಿದೆ. ಅವನು ಮಾತೇ ಆಡಿರಲಿಲ್ಲ ಎಂಬುದು ಕಾರು ಹತ್ತಿದ ಮೇಲೆ ವೆಂಡೆಲ್‌ಗೆ ಹೊಳೆಯಿತು. ಇಬ್ಬರ ಮಾತೂ ಮನಸ್ಸಲ್ಲಿದ್ದದ್ದು ಸುಳ್ಳೇನಲ್ಲ. ಅವನ ಮನಸ್ಸಿನಲ್ಲಿ ಎಲ್ಲರ ಮಾತೂ ಇತ್ತು, ತನ್ನದೊಂದು ಬಿಟ್ಟು.

ಮುಂದಿನ ವರ್ಷ ವಾಷಿಂಗ್ಟನ್ನಿನ ಸೆನೆಟ್‌ಗೆ ನಿಲ್ಲುವುದೆಂದು ಪಕ್ಷದವರು ತೀರ್ಮಾನಿಸಿ ಆಗಿತ್ತು. ಸಹಿ ಹಾಕಿದರೆ ಕ್ರಾಲ್‌ನ ಮುಖ ರಾಜ್ಯದ ಪ್ರತಿ ಟಿವಿಯಲ್ಲೂ ಬರುತ್ತದೆ, ಅಪ್ಪನ ಫೋಟೋ ಸಮೇತ. ಸಹಿ ಹಾಕದಿದ್ದರೆ ಒಬ್ಬಳು ಹೆಂಗಸು ಜೈಲಿನ ಆಸ್ಪತ್ರೆಯಲ್ಲಿ ಸಾಯುತ್ತಾಳೆ, ಅದು ಯಾವ ಟಿವಿಯಲ್ಲೂ ಬರುವುದಿಲ್ಲ. ಲೆಕ್ಕ ಇಷ್ಟು ಸುಲಭವಾಗಿದ್ದರೂ ಅವನಿಂದ 'ಇಲ್ಲ' ಎಂದು ಬರೆಯಲು ಆಗಿರಲಿಲ್ಲ ಎಂಬುದೇ ಅವನ ಬಗ್ಗೆ ಅವನಿಗಿದ್ದ ಕುತೂಹಲ. ತಾನು ಒಳ್ಳೆಯವನಿರಬಹುದೇ? ಪೈಯ ಮೇಲಿನ ನೊರೆಯಂಥ ಕೆನೆಯನ್ನು ಫೋರ್ಕಿನಿಂದ ಸರಿಸಿ ನೋಡಿದ. ಒಳ್ಳೆಯವನಾಗಿದ್ದರೆ ಈ ಹೊತ್ತಿನಲ್ಲಿ ಇಲ್ಲಿ ಕೂತು ದ್ರಾಕ್ಷಿ ಅಗಿಯುತ್ತಿರಲಿಲ್ಲ. ಕೆಟ್ಟವನಾಗಿದ್ದರೂ ಇಲ್ಲಿಗೆ ಬರುವ ಅಗತ್ಯವಿರಲಿಲ್ಲ. ಇಲ್ಲಿಗೆ ಬರುವವನು ಮೂರನೆಯ ಜಾತಿಯವನು. ಹಾಲ್ವರ್ ಗ್ರೋತ್ ಇದ್ದಂತೆ.

ಹಾಲ್ವರ್ ಅವನ ಹಿಂದಿನ ಗವರ್ನರ್. ಗಟ್ಟಿ ಕುಳ. ವೆಂಡೆಲ್ ಉಪ ಗವರ್ನರ್ ಆಗಿದ್ದ ಮೊದಲ ವರ್ಷ, ಒಂದು ಶುಕ್ರವಾರ, ಮೀನಿನ ಗಾಳ ಹೆಗಲಿಗೇರಿಸಿ ಅವನ ಕೋಣೆಗೆ ಬಂದು, "ಗಡಿಯಾಚೆ ಕೆರೇಲಿ ಮೀನು ಚೆನ್ನಾಗಿ ಕಚ್ತಾ ಇದೆಯಂತೆ ಕಣೋ. ಎರಡು ದಿನ ನೀನೇ ರಾಜ. ಮೇಜಿನ ಮೇಲೆ ಏನೋ ಒಂದೆರಡು ಇದೆ, ನೋಡ್ಕೋ," ಎಂದು ಬೆನ್ನು ತಟ್ಟಿ ಹೋದ. ವೆಂಡೆಲ್ ಹಿಗ್ಗಿಹೋದ. ಆ ದೊಡ್ಡ ಕುರ್ಚಿಯಲ್ಲಿ ಕೂತು ಹೆಂಡತಿ ಆರ್ಡಿಸ್‌ಗೆ ಫೋನು ಮಾಡಿದ. ಮೇಜಿನ ಮೇಲಿದ್ದದ್ದು ಕಿವುಡು ಮಕ್ಕಳ ಸರಕಾರಿ ಶಾಲೆಯನ್ನು ಮುಚ್ಚುವ ಮಸೂದೆ. ಖರ್ಚು ಕಡಿಮೆಯಾಗುತ್ತದೆ, ಮಕ್ಕಳನ್ನು ಬೇರೆ ಶಾಲೆಗಳಿಗೆ ಹಂಚಲಾಗುತ್ತದೆ ಎಂದು ಬರೆದಿತ್ತು. ತಡಮಾಡದೆ ಸಹಿ ಹಾಕಿದ. ಸಹಿಯ ಬಾಲವನ್ನು ಸ್ವಲ್ಪ ಉದ್ದಕ್ಕೇ ಎಳೆದ. ಸೋಮವಾರ ಹಾಲ್ವರ್ ಬಂದು ಪತ್ರಿಕೆಯವರ ಮುಂದೆ ತಲೆ ಅಲ್ಲಾಡಿಸಿ, ನಾನಿದ್ದಿದ್ದರೆ ಇನ್ನೊಮ್ಮೆ ಯೋಚಿಸುತ್ತಿದ್ದೆ ಎಂದ. ಅದಾದ ಮೇಲೆ ಒಂದು ದಿನ ಕಿರಾಣಿ ಅಂಗಡಿಯಲ್ಲಿ, ಹಾಲಿನ ಡಬ್ಬಗಳ ಸಾಲಿನಲ್ಲಿ, ಒಬ್ಬಳು ತಾಯಿ ಅವನತ್ತ ಬೆರಳು ಮಾಡಿ ತನ್ನ ಪುಟ್ಟ ಮಗಳಿಗೆ ಕೈಗಳಲ್ಲಿ ಏನೋ ಹೇಳಿದಳು. ಎರಡು ಬೆರಳು ಎದೆಯಿಂದ ಹೊರಟು, ಗಾಳಿಯಲ್ಲಿ ತಿರುಗಿ, ಮುಷ್ಟಿಯಾಗಿ ಕೆಳಗಿಳಿದವು. ಮಗು ಅವನನ್ನು ಗಂಭೀರವಾಗಿ ನೋಡಿ ತಲೆಯಾಡಿಸಿತು. ಏನು ಹೇಳಿದ್ದಿರಬಹುದು? ಬೈದಿದ್ದರೆ ಮಗು ಹೆದರುತ್ತಿತ್ತು ಅಥವಾ ನಗುತ್ತಿತ್ತು. ಅದು ತಲೆಯಾಡಿಸಿತು, ಪಾಠ ಅರ್ಥವಾದಂತೆ. ಕನ್ನಡಿಯ ಮುಂದೆ ನಿಂತು ಆ ಸನ್ನೆಯನ್ನು ಅವನು ಎಷ್ಟೋ ಸಲ ಮಾಡಿ ನೋಡಿದ್ದಾನೆ. ಒಮ್ಮೆ ಆರ್ಡಿಸ್ ಕೈಗೆ ಸಿಕ್ಕಿಬಿದ್ದು ಭುಜ ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಿದ್ದಾನೆ.

ಹಾಲ್ವರ್ ಸತ್ತದ್ದೂ ಮೀನು ಹಿಡಿಯುತ್ತಲೇ, ದೋಣಿಯಲ್ಲಿ, ಗಡಿಯಾಚೆ. ಅಂದರೆ ಸಾಯುವ ಕ್ಷಣದಲ್ಲಿ ಅವನು ಗವರ್ನರ್ ಆಗಿರಲಿಲ್ಲ. ಆ ಕ್ಷಣದ ಗವರ್ನರ್ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಕ್ಷೌರದ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ವೆಂಡೆಲ್‌ಗೆ ಇದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು. ಅಷ್ಟು ದೊಡ್ಡದೇನೋ ಮೈಮೇಲೆ ಬಂದು ಕೂತಿತ್ತು, ತನಗೆ ಕತ್ತರಿಯ ಸದ್ದು ಬಿಟ್ಟರೆ ಏನೂ ಗೊತ್ತಾಗಿರಲಿಲ್ಲ.

ಕೆಫೆಯ ಬಾಗಿಲ ಗಂಟೆ ಅಲ್ಲಾಡಿತು. ನೈಗಾರ್ಡ್ ಮೊಟ್ಟೆ ಬಿಟ್ಟು ಎದ್ದು ನಿಂತ. ಒಳಗೆ ಬಂದವಳು ಉಪ ಗವರ್ನರ್ ಮಾರ್ಲಿಸ್ ಬಕ್ಕೆ. ಕೆಂಪು ಉಣ್ಣೆಯ ಟೋಪಿ ಕಿತ್ತು ಮೇಜಿನ ಮೇಲೆ ಎಸೆದು ವೆಂಡೆಲ್‌ನ ಎದುರಿಗೆ ಧೊಪ್ಪನೆ ಕೂತಳು.

"ನೀನಿಲ್ಲಿ ಏನ್ ಮಾಡ್ತಿದೀಯಾ? ನೀನೀಗ ಗವರ್ನರ್," ಎಂದ.

"ಅಲ್ಲ. ಸೇತುವೆ ದಾಟೋವರೆಗೂ ಆಗಿದ್ದೆ." ಬಡಿಸುವವಳ ಕಡೆ ತಿರುಗಿ, "ನಂಗೂ ಒಂದು ಕಾಫಿ ಅಕ್ಕಾ, ಇವರು ತಿಂತಿರೋದು ಏನೇ ಆಗಿರ್ಲಿ ಅದೂ ಒಂದು," ಎಂದಳು. ಮತ್ತೆ ಇವನ ಕಡೆಗೆ: "ನೀನು ಹಲ್ಲಿಗೆ ಬಂದೆ, ಪೈಗೆ ಬಂದೆ, ಮೊಮ್ಮಗಳಿಗೆ ಸ್ಕೇಟ್ಸ್ ತರೋಕೆ ಬಂದೆ. ಒಂದ್ ದಿನಾನಾದ್ರೂ ಹೋದೆ ಅಂತ ಬರೆಸಿದ್ಯಾ? ಇವತ್ತು ಬರೆಸಿದೀಯ. ಗ್ಲೆಂಡಾ ಫೋನ್ ಮಾಡಿ 'ಮೇಡಂ, ಗವರ್ನರ್ ಹೊರಗೆ ಹೋದ್ರು, ಬರೆದುಕೋ ಅಂದ್ರು' ಅಂದ ತಕ್ಷಣ ನಾನು ಕೋಟು ಹುಡುಕಿದೆ. ನನ್ ಪ್ರಮಾಣವಚನದ ಊಟದಲ್ಲಿ ಹಾಲ್ವರ್ ಮೀನಿನ ಕಥೆ ಹೇಳಿ ನಗಿಸಿದವನು ನೀನೇ ಅಲ್ವಾ? ಎಲ್ರೂ ಹೊಟ್ಟೆ ಹಿಡ್ಕೊಂಡು ನಕ್ರು. ನಾನು ನಗಲಿಲ್ಲ ವೆಂಡೆಲ್. ನಾನು ಕಲಿತ್ಕೊಂಡೆ."

ಅವನು ಫೋರ್ಕ್ ಕೆಳಗಿಟ್ಟ. ಆ ಕಥೆಯನ್ನು ಅವನು ಅದೆಷ್ಟು ಊಟಗಳಲ್ಲಿ ಹೇಳಿದ್ದನೋ. ಕಿರಾಣಿ ಅಂಗಡಿಯ ಭಾಗವನ್ನು ಮಾತ್ರ ಯಾವಾಗಲೂ ಬಿಟ್ಟುಬಿಡುತ್ತಿದ್ದ. ತನ್ನ ಕೆಳಗಿನವಳೆಂದು ಆರು ವರ್ಷ ಇವಳನ್ನು ಹೊಸ ಸೇತುವೆಗಳ ರಿಬ್ಬನ್ ಕತ್ತರಿಸಲು ಕಳಿಸಿದ್ದ, ಸಭೆಗಳಲ್ಲಿ ಇವಳು ಬಾಯಿ ತೆರೆದಾಗ ಗಡಿಯಾರ ನೋಡಿದ್ದ. ಈಗ ಇವಳು ಅವನ ಮುಖವನ್ನು ಪರೀಕ್ಷೆಯ ಕಾಗದ ಓದುವಂತೆ ಓದುತ್ತಿದ್ದಳು. ಬಾಲ ಮುದುಡಿಕೊಂಡ ನಾಯಿ ಎಂದು ತನ್ನನ್ನೇ ತಾನು ಅಂದುಕೊಂಡ. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಯೋಚನೆ ಇಣುಕಿ ಅದು ಅವನನ್ನು ಬಿಡಲೇ ಇಲ್ಲ.

"ಹಾಗಾದ್ರೆ ಈಗ ಗವರ್ನರ್ ಯಾರು?" ಎಂದು ಕೇಳಿದ.

ಮಾರ್ಲಿಸ್‌ಗೆ ಇದು ನಿರೀಕ್ಷೆಯಿರಲಿಲ್ಲ. ಒಂದು ಕ್ಷಣ ಪೆಚ್ಚಾಗಿ, ಆಮೇಲೆ ತುಟಿ ಕಚ್ಚಿ ನಗು ತಡೆದಳು. "ಆರ್ವಿಡ್ ಟ್ವೇಟನ್."

"ದೇವರೇ."

ಮೇಲ್ಮನೆಯ ಅಧ್ಯಕ್ಷ ಆರ್ವಿಡ್ ಟ್ವೇಟನ್ ಎಂಬತ್ತು ದಾಟಿದ ಮುದುಕ. ಚರ್ಚೆಯ ಹೊತ್ತಿಗೆ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಾನೆ, ಮತಕ್ಕೆ ಹಾಕುವಾಗ ಪಕ್ಕದವರು ಮೊಣಕೈಯಿಂದ ತಿವಿದರೆ 'ಬೇಡ' ಎನ್ನುತ್ತಾನೆ. ಹೊಸ ರಸ್ತೆ ಬೇಡ, ಹೊಸ ತೆರಿಗೆ ಬೇಡ, ಬೇಸಿಗೆ ಬಂತೆಂದು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಬೇಡ. ಇಬ್ಬರಿಗೂ ಒಟ್ಟಿಗೆ ನಗು ಬಂತು. ಕೆಫೆಯಲ್ಲಿ ಒಂದೇ ಮೇಜಿಗೆ ಕೂತ ಇಬ್ಬರು ಸಾಮಾನ್ಯರಂತೆ ನಕ್ಕರು. ಇಷ್ಟು ವರ್ಷಗಳಲ್ಲಿ ತಾವು ಹೀಗೆ ಎದುರುಬದುರು ಕೂತದ್ದೇ ಇಲ್ಲವೆಂದು ವೆಂಡೆಲ್‌ಗೆ ಅನಿಸಿತು. ಅವಳ ಮುಂದಿನ ಹಲ್ಲೊಂದು ಸ್ವಲ್ಪ ಓರೆಯಾಗಿರುವುದನ್ನು ಅವನು ಈಗ ಮೊದಲ ಸಲ ನೋಡಿದ.

"ನಗಬೇಡ," ಎಂದಳು ಮಾರ್ಲಿಸ್, ತಾನೂ ಮುಖ ಬಿಗಿದುಕೊಂಡು. "ಅಲ್ಲೊಬ್ಬಳು ಉಸಿರಿಗೆ ಒದ್ದಾಡ್ತಾ ಕೂತಿದಾಳೆ. ವಾಪಸ್ ಹೋಗಿ ಹೌದು ಅನ್ನು, ಇಲ್ಲ ಅನ್ನು, ನಿನ್ನಿಷ್ಟ. ನಿನ್ ಬಾಯಾರೆ ಹೇಳು. ನನ್ ಕೈಯಲ್ಲಿ ಹೇಳಿಸ್ಬೇಡ."

"ನೀನೇನು ಹೇಳ್ತಿದ್ದೆ?"

"ಹೌದು ಅಂತಿದ್ದೆ. ಅವಳ ಕಡತ ನಾನೂ ಓದಿದೀನಿ."

"ಮತ್ತೆ ಹೇಳ್ಬಿಡ್ಬೇಕಿತ್ತು." ವೆಂಡೆಲ್‌ನ ದನಿ ಅವನಿಗೇ ಹೊಸದಾಗಿ ಕೇಳಿಸಿತು, ಯಾರ ಮನಸ್ಸನ್ನೂ ಹಿಡಿಯಲು ಹೊರಟಿರದ ದನಿ. "ಬೆಳಿಗ್ಗೆ ಗ್ಲೆಂಡಾ ಫೋನ್ ಇಟ್ಟ ತಕ್ಷಣ ನೀನು ಗವರ್ನರ್. ಕಡತ ನಿನ್ನ ಕೋಣೆಯಿಂದ ಒಂದು ಮಹಡಿ ಮೇಲಿತ್ತು. ಹತ್ತಿ ಹೋಗಿ ಸಹಿ ಹಾಕಿ, ಆಮೇಲೆ ಇಲ್ಲಿಗೆ ಬಂದು ನನ್ ಮುಖಕ್ಕೆ ಉಗೀಬಹುದಿತ್ತು. ನೀನು ಕೋಟು ಹುಡುಕಿದೆ. ನನಗೆ ಪಾಠ ಕಲಿಸೋದು ನಿಂಗೆ ಅವಳಿಗಿಂತ ದೊಡ್ಡದಾಯ್ತು. ಅಥವಾ ನಿಂಗೂ ಕ್ರಾಲ್‌ನ ಭಯ. ಮುಂದಿನ ಸಲ ನನ್ ಕುರ್ಚಿಗೆ ನೀನೇ ನಿಲ್ಲೋದು ಅಲ್ವಾ?"

ಅವಳು ಟೋಪಿಯ ನೂಲೊಂದನ್ನು ಎಳೆದಳು. ಅದು ಬಿಚ್ಚುತ್ತಾ ಬಂತು, ಅವಳು ಎಳೆಯುತ್ತಲೇ ಇದ್ದಳು. ಬಡಿಸುವವಳು ಬಂದು ಇಬ್ಬರ ಲೋಟಕ್ಕೂ ಕಾಫಿ ತುಂಬಿಸಿ, "ಗಂಡ ಹೆಂಡ್ತಿ ಜಗಳಾನ? ಪೈ ತಿನ್ನಿ, ಸರಿಹೋಗುತ್ತೆ," ಎಂದು ಹೋದಳು. ಹೊರಗೆ ನದಿ ಬೂದು ಬಣ್ಣದಲ್ಲಿ ಹರಿಯುತ್ತಿತ್ತು. ಆಚೆ ದಡದ ಗುಡ್ಡದ ಹಿಂದೆ ಶಾಸನಭವನದ ಗುಮ್ಮಟದ ತುದಿ ಮಾತ್ರ ಕಾಣುತ್ತಿತ್ತು. ಇಲ್ಲಿಂದ ನೋಡಿದರೆ ಅದು ಯಾರದೋ ಊರಿನ ಯಾವುದೋ ಕಟ್ಟಡ.

"ಹೌದು," ಎಂದಳು ಮಾರ್ಲಿಸ್ ಕೊನೆಗೆ. "ಭಯ ಆಯ್ತು. ನಿನ್ ಮೇಲಿನ ಸಿಟ್ಟು ಅಂತ ಅಂದ್ಕೊಂಡು ಬಂದೆ. ಸೇತುವೆ ಮೇಲೆ ಬರ್ತಾ ಗೊತ್ತಾಯ್ತು."

ಅವಳು ಅದನ್ನು ಎಷ್ಟು ನೇರವಾಗಿ ಹೇಳಿದಳೆಂದರೆ ವೆಂಡೆಲ್‌ಗೆ ಅಸೂಯೆಯಾಯಿತು. ಎದ್ದ. ಮೇಜಿನ ಮೇಲೆ ನೋಟುಗಳನ್ನಿಟ್ಟು ಕೋಟು ತೊಟ್ಟ. "ನಡಿ. ನಾನೇ ಹಾಕ್ತೀನಿ," ಎಂದ. ಮಾರ್ಲಿಸ್ ತಲೆಯೆತ್ತಿ ಅವನನ್ನು ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಅವಳ ಕಾರನ್ನು ಅಲ್ಲೇ ಬಿಟ್ಟು ಇಬ್ಬರೂ ಒಂದೇ ಕಾರಿನಲ್ಲಿ ಹೊರಟರು.

ಹಾಕುತ್ತೇನೆ ಎಂದಾಗ ಬಲಗೈ ಬೆಚ್ಚಗಾದದ್ದು ಖಂಡಿತ. ಕಾರು ದಡ ಬಿಟ್ಟು ಸೇತುವೆ ಏರುವವರೆಗೂ ಆ ಬಿಸುಪು ಇತ್ತು. ಕ್ರಾಲ್‌ಗೆ ತಾನೇ ಫೋನು ಮಾಡಬೇಕು, ಸಹಿ ಹಾಕುವ ಮುಂಚೆಯೇ. ಇಲ್ಲ, ಅವನ ಅಂಗಡಿಗೇ ಹೋಗಬೇಕು, ಮೊಳೆಗಳ ಡಬ್ಬಗಳ ನಡುವೆ ನಿಂತು ಹೇಳಬೇಕು. ಏನಂತ? ನಿಮ್ಮ ಅಪ್ಪನನ್ನು ಕೊಂದವಳನ್ನು ಬಿಡುತ್ತಿದ್ದೇನೆ. ಕೊಂದವಳಲ್ಲ, ಕಾರಿನಲ್ಲಿ ಕೂತಿದ್ದವಳನ್ನು. ಅವಳು ಕಾರಿನಲ್ಲಿ ಕೂತು ಏನು ಮಾಡುತ್ತಿದ್ದಳು? ರೇಡಿಯೋ ಕೇಳುತ್ತಿದ್ದಳಂತೆ. ಗುಂಡಿನ ಸದ್ದು ಕೇಳಿದ ಮೇಲೂ ಓಡಿಹೋಗಲಿಲ್ಲ, ಒಳಗೂ ಹೋಗಲಿಲ್ಲ, ಸುಮ್ಮನೆ ಕೂತೇ ಇದ್ದಳಂತೆ. ಯಾಕೆ ಎಂದು ವಕೀಲ ಕೇಳಿದ್ದಕ್ಕೆ 'ಗೊತ್ತಿಲ್ಲ' ಎಂದಳಂತೆ. ಕಡತದ ಆ ಪುಟವನ್ನು ವೆಂಡೆಲ್ ಮತ್ತೆ ಮತ್ತೆ ಓದಿದ್ದ. ಕಮಾನುಗಳು ಎದುರಿನಿಂದ ಬರತೊಡಗಿದವು. ಕಚೇರಿಗೆ ಹೋಗಿ ಸಹಿ ಹಾಕುವ ಮುಂಚೆ ಇನ್ನೊಮ್ಮೆ ಓದಿದರೆ ತಪ್ಪೇನು? ಪಕ್ಷದವರಿಗೆ ಒಂದು ಮಾತು ತಿಳಿಸುವುದು ಸೌಜನ್ಯ ಅಲ್ಲವೇ? ಗಡುವಿಗೆ ಇನ್ನೂ ಹೊತ್ತಿದೆ. ಈ ಯೋಚನೆ ಬಂದದ್ದು ನದಿಯ ನಡುವೆಯೋ ಅದಕ್ಕೂ ಸ್ವಲ್ಪ ಆಚೆಯೋ ಎಂದು ಕಿಟಕಿಯಿಂದ ಕೆಳಗೆ ನೋಡಿದ. ನೀರಿನಲ್ಲಿ ಯಾವ ಗೆರೆಯೂ ಇರಲಿಲ್ಲ.

ಫೋನು ಬಡಿದುಕೊಂಡಿತು. ಗ್ಲೆಂಡಾ.

"ಸರ್, ಎಲ್ಲಿದೀರಾ? ಉಪ ಗವರ್ನರ್ ಕೂಡ ದಾಟ್ತಿದೀನಿ ಅಂತ ಹೇಳಿ ಹೋದ್ರು. ಅದಕ್ಕೆ ನಿಯಮದ ಪ್ರಕಾರ ಟ್ವೇಟನ್ ಅವರಿಗೆ ಫೋನ್ ಮಾಡಿದೆ."

"ಮುದುಕನ್ನ ಯಾಕೆ ಎಬ್ಬಿಸೋಕೆ ಹೋದೆ ಗ್ಲೆಂಡಾ?"

"ಎದ್ದೇ ಇದ್ರು ಸರ್. ಕೋಳಿಗೂಡು ರಿಪೇರಿ ಮಾಡ್ತಿದ್ರಂತೆ. ಹತ್ತೇ ನಿಮಿಷದಲ್ಲಿ ಬಂದ್ರು, ಬೂಟಿನ ತುಂಬಾ ಕೆಸರು. ಮೇಜಿನ ಮೇಲೆ ಏನಿದೆ ಅಂದ್ರು. ಕಡತ ಕೊಟ್ಟೆ. ಕಿಟಕಿ ಹತ್ರ ನಿಂತ್ಕೊಂಡು ಪೂರ್ತಿ ಓದಿದ್ರು. ಆಮೇಲೆ ಬಂಕಿನವನ ಮಗನ ನಂಬರ್ ಕೇಳಿ, ಬಾಗಿಲು ಹಾಕ್ಕೊಂಡು ಮಾತಾಡಿದ್ರು. ಹೊರಗೆ ಬಂದು, ಪೆನ್ನು ಕೊಡಮ್ಮಾ ಅಂದ್ರು. ಸಹಿ ಹಾಕಿದ್ರು ಸರ್. ಜೈಲಿಗೆ ಪ್ರತಿ ಹೋಗಾಯ್ತು. ಕೋಳಿಗಳು ಹೊರಗಿವೆ ಅಂತ ಹೊರಟುಹೋದ್ರು."

"ಒಳ್ಳೇದು," ಎಂದ ವೆಂಡೆಲ್.

ಫೋನನ್ನು ಮಡಿಲಲ್ಲಿಟ್ಟುಕೊಂಡ. ಎಲ್ಲ ಕೇಳಿಸಿಕೊಂಡಿದ್ದ ಮಾರ್ಲಿಸ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು "ಬದುಕಿದಳು, ಬದುಕಿದಳು," ಎನ್ನುತ್ತಿದ್ದಳು. ಅವನಿಗೂ ಮೊದಲು ಆದದ್ದು ಸಮಾಧಾನವೇ. ತಿಂಗಳಿನಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋದಂತೆ. ಅದರ ಬೆನ್ನಿಗೇ ಸಿಟ್ಟು ಬಂತು. ನನ್ನ ಮೇಜು, ನನ್ನ ಪೆನ್ನು. ಕೆಸರು ಬೂಟಿನ ಮುದುಕನಿಗೆ ಅಧಿಕಾರ ಕೊಟ್ಟವರು ಯಾರು? ಕೊಟ್ಟವನು ತಾನೇ ಎಂಬುದು ನೆನಪಾಗಿ ಸಿಟ್ಟು ಅಲ್ಲೇ ತಣ್ಣಗಾಯಿತು. ಆಮೇಲೆ ಉಳಿದದ್ದು ಕೆಟ್ಟ ಕುತೂಹಲ. ಹಾಕುತ್ತಿದ್ದೆನೇ? ಕೈ ಬೆಚ್ಚಗಾಗಿದ್ದು ನಿಜ. ಇನ್ನೊಮ್ಮೆ ಓದೋಣ ಎಂದದ್ದೂ ನಿಜ. ಈ ರಾಜ್ಯದಲ್ಲಿ ಒಬ್ಬೊಬ್ಬರ ಮತ ಎಣಿಸುವುದಕ್ಕೂ ವ್ಯವಸ್ಥೆ ಇದೆ, ಸಂದೇಹ ಬಂದರೆ ಮರು ಎಣಿಕೆಗೂ ಇದೆ. ಇದೊಂದನ್ನು ತಿಳಿಯುವುದಕ್ಕೆ ಮಾತ್ರ ಇನ್ನು ಯಾವ ದಾರಿಯೂ ಇಲ್ಲ.

"ನಾನು ಹಾಕ್ತಿದ್ದೆ ಅಲ್ವಾ ಮಾರ್ಲಿಸ್?"

ಅವಳು ಕೈ ಸರಿಸಿ ಅವನನ್ನು ನೋಡಿದಳು. ವ್ಯಂಗ್ಯವಿರಲಿಲ್ಲ, ಕನಿಕರವೂ ಇರಲಿಲ್ಲ. "ನಂಗೆ ಗೊತ್ತಿಲ್ಲ ವೆಂಡೆಲ್," ಎಂದಳು. ನೈಗಾರ್ಡ್ ಮುಂದಿನಿಂದ, "ದಾಟಾಯ್ತು ಸರ್, ಈಗ ಮತ್ತೆ ಗವರ್ನರ್," ಎಂದ.

ಆ ವಾರ ಅವನು ಎದುರು ನೋಡಿದ್ದ ಗಲಾಟೆ ಆಗಲಿಲ್ಲ. ಕ್ರಾಲ್ ಟಿವಿಗೆ ಬಂದ, ಫೋಟೋ ಹಿಡಿದುಕೊಂಡೇ ಬಂದ, ಆದರೆ ಬೈಯಲಿಲ್ಲ. "ನಂಗೆ ಒಪ್ಪಿಗೆ ಇಲ್ಲ. ಆದ್ರೆ ಆರ್ವಿಡ್ ನನ್ ಹತ್ರ ನೇರವಾಗಿ 'ಬಿಡ್ತೀನಿ ಕಣಪ್ಪಾ' ಅಂತ ಹೇಳಿದ್ರು. ಇಷ್ಟು ವರ್ಷದಲ್ಲಿ ಯಾರೂ ನನಗೆ ಹೌದು ಅಂತಾನೂ ಹೇಳಿರಲಿಲ್ಲ, ಇಲ್ಲ ಅಂತಾನೂ ಹೇಳಿರಲಿಲ್ಲ," ಎಂದ. ಪಕ್ಷದವರಿಗೆ ಖುಷಿಯೋ ಖುಷಿ. ಬೇಕೆಂದೇ ದಾಟಿದೆ, ಅವಳಿಗೆ ದಾರಿ ಮಾಡಿಕೊಡುವುದಕ್ಕೇ ದಾಟಿದೆ ಎಂದು ಅರ್ಧ ಜನರಿಗೆ ಹೇಳಬಹುದು. ನನಗೆ ಗೊತ್ತೇ ಇರಲಿಲ್ಲ ಎಂದು ಉಳಿದರ್ಧಕ್ಕೆ. ಎರಡಕ್ಕೂ ಭಾಷಣ ಬರೆದು ಕಳಿಸಿದ್ದರು. ವೆಂಡೆಲ್ ಎರಡನ್ನೂ ಓದಿದ. ಎರಡೂ ಚೆನ್ನಾಗಿದ್ದವು.

ಲೊರೆಟಾಳನ್ನು ಬಿಡುವ ದಿನ ಬೆಳಿಗ್ಗೆ, ಯಾರಿಗೂ ಹೇಳದೆ, ನೈಗಾರ್ಡ್‌ನನ್ನು ಕರೆದುಕೊಂಡು ಹೆಂಗಸರ ಜೈಲಿಗೆ ಹೋದ. ಯಾಕೆ ಎಂದು ಕೇಳಿದ್ದರೆ, ನೋಡಬೇಕಿತ್ತು ಎನ್ನುತ್ತಿದ್ದ. ಗೇಟಿನ ಹೊರಗೆ ಅವಳ ತಮ್ಮನ ಹಳೆಯ ಪಿಕಪ್ ಹೊಗೆಯುಗುಳುತ್ತಾ ನಿಂತಿತ್ತು. ಅವಳು ಬಂದಳು: ಕುಳ್ಳಗಿನ ಹೆಂಗಸು, ಅಳತೆ ಮೀರಿದ ನೀಲಿ ಕೋಟು, ಮೂಗಿಗೆ ನಳಿಗೆ, ಗಾಲಿಯ ಮೇಲೆ ಆಮ್ಲಜನಕದ ಸಿಲಿಂಡರ್. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಅಪ್ಪಿಕೊಳ್ಳುವುದು ಹೇಗೆಂದು ತಿಳಿಯದೆ ತಮ್ಮ ಸಿಲಿಂಡರಿನ ಹಿಡಿಯನ್ನೇ ಹಿಡಿದುಕೊಂಡ. ವೆಂಡೆಲ್ ಕಾರಿನಿಂದಿಳಿದು ಹತ್ತಿರ ಹೋದ. ತಮ್ಮ ಗುರುತು ಹಿಡಿದು ಟೋಪಿ ತೆಗೆದ. "ಲೊರೆಟಾ, ಇವರು ಗವರ್ನರ್ ಕಣೆ," ಎಂದ.

ಅವಳು ತಲೆಯೆತ್ತಿ ನೋಡಿದಳು. ತಿಳಿಗಣ್ಣು; ಅದರಲ್ಲಿ ಕೃತಜ್ಞತೆ ಮೆಲ್ಲಗೆ ತುಂಬಿಕೊಳ್ಳುತ್ತಿರುವುದನ್ನು ಕಂಡು ಅವನಿಗೆ ಹೆದರಿಕೆಯಾಯಿತು.

"ನೀವೇನಾ ಸಹಿ ಹಾಕಿದ್ದು?"

ಹೌದು ಎನ್ನಬಹುದಿತ್ತು. ಒಂದು ಭಾಷಣದ ಪ್ರಕಾರ ಅದು ಅರ್ಧ ನಿಜ. ನಾಲಿಗೆ ಅಭ್ಯಾಸದಂತೆ ಏನನ್ನೋ ಅಣಿ ಮಾಡಿಕೊಳ್ಳುತ್ತಿತ್ತು.

"ಅಲ್ಲಮ್ಮಾ," ಎಂದ. "ಅವತ್ತು ನಾನು ಇರಲಿಲ್ಲ. ನದಿಯಾಚೆ ಹೋಗಿದ್ದೆ."

ಲೊರೆಟಾ ಅದನ್ನು ತೂಗಿ ನೋಡುವಂತೆ ಅವನ ಮುಖ ನೋಡಿದಳು. ಕೊಂಕು ಅವಳಿಗೆ ಬರುತ್ತಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆಮೇಲೆ ಅವನ ತೋಳಿನ ಮೇಲೆ ಕೈಯಿಟ್ಟು, ಸಮಾಧಾನ ಮಾಡುವವಳಂತೆ ಎರಡು ಸಲ ತಟ್ಟಿದಳು.

"ಸದ್ಯ, ಹೋಗಿದ್ರಲ್ಲ," ಎಂದಳು. "ಒಳ್ಳೇದಾಯ್ತು."